ಬದುಕಿರುವಾಗಲೇ ಕಿಡ್ನಿ ಕೊಡುವುದು: ಯಾರು ಕೊಡಬಹುದು, ಯಾರು ಕೇಳಬಹುದು?

2025ರಲ್ಲಿ ಕಿಡ್ನಿ ಬಗ್ಗೆ ಬಂದ ಸುದ್ದಿಗಳನ್ನು ಸಾಲಾಗಿ ಓದಿದವರಿಗೆ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆ, ಅಂದರೆ ನೋಟೊ, ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಎರಡು ಕುಟುಂಬಗಳು ಕಿಡ್ನಿಯನ್ನು ಅದಲುಬದಲು ಮಾಡಿಕೊಳ್ಳುವ ವ್ಯವಸ್ಥೆ ಇಡೀ ದೇಶದಲ್ಲಿ ಒಂದೇ ಥರ ಇರಲಿ ಎಂದಿತು. ಜುಲೈನಲ್ಲಿ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯಿಂದ ಬೇರೆ ಸುದ್ದಿ ಬಂತು. ಸಾಲಕ್ಕೆ ಸಿಕ್ಕಿಬಿದ್ದ ಪವರ್‌ಲೂಮ್ ಕಾರ್ಮಿಕರಿಂದ ದಲ್ಲಾಳಿಗಳು ಕಿಡ್ನಿ ಕೊಡಿಸುತ್ತಿದ್ದರು ಎಂಬ ಆರೋಪ ಅದು. ಆಗಸ್ಟ್‌ನಲ್ಲಿ ನೋಟೊ ಮತ್ತೊಂದು ಸೂಚನೆ ಕಳಿಸಿ, ಕಾಯುವ ಪಟ್ಟಿಯಲ್ಲಿರುವ ಮಹಿಳೆಯರಿಗೆ ಆದ್ಯತೆ ಕೊಡಿ ಎಂದಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬದುಕಿರುವಾಗ ಅಂಗ ಕೊಟ್ಟವರ ಕ್ಷೇಮಕ್ಕೆ ಮಾರ್ಗಸೂಚಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅದೇ ತೀರ್ಪಿನಲ್ಲಿ ಕರ್ನಾಟಕದ ಹೆಸರೂ ಇತ್ತು. 2014ರ ಕಸಿ ನಿಯಮಗಳನ್ನು ಆಗಿನ್ನೂ ಅಳವಡಿಸಿಕೊಳ್ಳದಿದ್ದ ರಾಜ್ಯಗಳಲ್ಲಿ ನಮ್ಮದೂ ಒಂದು.

ಹಾಗಾದರೆ ಕಿಡ್ನಿ ಕೊಡುವುದು ಪುಣ್ಯದ ಕೆಲಸವೋ, ಅಪರಾಧವೋ? ಈ ಪ್ರಶ್ನೆಯನ್ನು ಮೊದಲು ಎದುರಿಸುವವರು ಊರೂರಲ್ಲಿ ಜಾಗೃತಿ ಮೂಡಿಸುವ ಸ್ವಯಂಸೇವಕರು. ಇವರಲ್ಲಿ ಕಸಿ ಮಾಡಿಸಿಕೊಂಡವರಿದ್ದಾರೆ, ಮನೆಯವರಿಗೆ ಕಿಡ್ನಿ ಕೊಟ್ಟವರಿದ್ದಾರೆ, ಕಾಲೇಜಿನ ಎನ್ಎಸ್ಎಸ್ ಹುಡುಗರಿದ್ದಾರೆ. ಇವರು ಏನು ಹೇಳಬಹುದು, ಏನು ಹೇಳಬಾರದು ಎಂಬುದರ ಮೇಲೆ ಎಷ್ಟೋ ಮನೆಗಳ ತೀರ್ಮಾನ ನಿಂತಿದೆ.

ಎರಡು ದಾನ, ಒಂದೇ ಹೆಸರು

ಮೊದಲ ಗೊಂದಲ ಹೆಸರಿನಲ್ಲೇ ಇದೆ. ಆಗಸ್ಟ್ 3ರ ಅಂಗಾಂಗ ದಾನ ದಿನದಂದು ಶಿಬಿರಗಳಲ್ಲಿ ತುಂಬಿಸಿಕೊಳ್ಳುವ ಪ್ರತಿಜ್ಞೆ, ಆಧಾರ್ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಪಡೆಯುವ ಕಾರ್ಡ್, ಇವೆಲ್ಲ ಸತ್ತ ಮೇಲಿನ ದಾನಕ್ಕೆ. ಮಿದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಘೋಷಿಸಿದ ಮೇಲೆ ಮನೆಯವರು ಒಪ್ಪಿದರೆ ಅಂಗಗಳು ಸರ್ಕಾರದ ಪಟ್ಟಿಯ ಪ್ರಕಾರ ಹಂಚಿಕೆಯಾಗುತ್ತವೆ. ಕರ್ನಾಟಕದಲ್ಲಿ ಈ ಕೆಲಸ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಸಂಸ್ಥೆ ಜೀವಸಾರ್ಥಕತೆ.

ಬದುಕಿರುವಾಗ ಕೊಡುವ ದಾನಕ್ಕೆ ಇಂಥ ಕಾರ್ಡೂ ಇಲ್ಲ, ಪ್ರತಿಜ್ಞೆಯೂ ಇಲ್ಲ. ಇಲ್ಲಿ ಯಾರಿಗೆ ಕೊಡುತ್ತೇವೆ ಎಂಬುದು ಮೊದಲೇ ಗೊತ್ತಿರುತ್ತದೆ, ಹೆಚ್ಚಾಗಿ ಒಂದೇ ಮನೆಯವರಿಗೆ. ಕಾರ್ಡ್ ತುಂಬಿಸಿದರೆ ನಾಳೆ ಯಾರೋ ಬಂದು ಕಿಡ್ನಿ ಕೇಳುತ್ತಾರೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕಾರ್ಡ್ ಇದೆಯಲ್ಲ, ಪರಿಚಯದವರಿಗೆ ಒಂದು ಕಿಡ್ನಿ ಕೊಡಬಹುದು ಅಂದುಕೊಳ್ಳುವುದೂ ತಪ್ಪು.

ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಒಂದು ಸಂದೇಶ ನಿಮಗೂ ಬಂದಿರಬಹುದು. ಅಪಘಾತದಲ್ಲಿ ತೀರಿಕೊಂಡವರ ನಾಲ್ಕು ಕಿಡ್ನಿ ಇವೆ, ಬೇಕಾದವರು ಈ ನಂಬರಿಗೆ ಫೋನ್ ಮಾಡಿ ಅಂತ. ಇದು ಸುಳ್ಳು. ದೇಹದಿಂದ ತೆಗೆದ ಕಿಡ್ನಿ ಹೆಚ್ಚೆಂದರೆ ಒಂದೂವರೆ ದಿನ ಉಳಿಯುತ್ತದೆ, ಅಷ್ಟರೊಳಗೆ ಪಟ್ಟಿಯಲ್ಲಿರುವವರಿಗೇ ಹೋಗುತ್ತದೆ. ಸುಮ್ನೆ ಫಾರ್ವರ್ಡ್ ಮಾಡಿದವರಿಗೆ ಏನೂ ಆಗುವುದಿಲ್ಲ. ನೋವಿರುವುದು ಆ ನಂಬರಿಗೆ ನೂರು ಸಲ ಫೋನ್ ಮಾಡುವ ರೋಗಿಯ ಮನೆಯವರಿಗೆ. ಇನ್ನೂ ಕೆಟ್ಟದ್ದು ಇದೆ. ಬೆಂಗಳೂರಿನ ಆಸ್ಪತ್ರೆಗಳ ಹೆಸರಲ್ಲಿ ನಕಲಿ ಪುಟ ಮಾಡಿ, ಕಿಡ್ನಿಗೆ ಕೋಟಿ ರೂಪಾಯಿ ಕೊಡುತ್ತೇವೆಂದು ನಂಬಿಸಿ, ನೋಂದಣಿ ಶುಲ್ಕ ಅಂತ ಸಾವಿರಗಟ್ಟಲೆ ಕಿತ್ತುಕೊಂಡ ವಂಚನೆಗಳು ನಡೆದಿವೆ.

ಮನೆಯವರೇ ಯಾಕೆ ಕೊಡಬೇಕಾಗಿದೆ?

2023ರಲ್ಲಿ ಭಾರತದಲ್ಲಿ 13,426 ಕಿಡ್ನಿ ಕಸಿಗಳಾದವು. ಅದೇ ವರ್ಷ ಸತ್ತ ಮೇಲೆ ಅಂಗ ಕೊಟ್ಟವರು ಇಡೀ ದೇಶದಲ್ಲಿ 1,099 ಜನ ಮಾತ್ರ. ಕರ್ನಾಟಕದಲ್ಲಿ 178. ಹೀಗಾಗಿ ಹತ್ತು ಕಿಡ್ನಿ ಕಸಿಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಬದುಕಿರುವವರು ಕೊಟ್ಟ ಕಿಡ್ನಿಯಿಂದಲೇ ಆಗುತ್ತಿವೆ. ಪಟ್ಟಿಯಲ್ಲಿ ಕಾಯುವುದು ವರ್ಷಗಳ ಮಾತು.

ಕಾಯುವುದು ಅಂದರೆ ಡಯಾಲಿಸಿಸ್, ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳುವುದು. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಅದಕ್ಕಾಗಿಯೇ ಮುಂಗೈಯಲ್ಲಿ ರಕ್ತನಾಳಗಳನ್ನು ಸೇರಿಸಿ ಫಿಸ್ಟುಲಾ ಮಾಡಿರುತ್ತಾರೆ. ಬೆರಳಿಟ್ಟರೆ ಚರ್ಮದ ಕೆಳಗೆ ಜುಮ್ಮೆಂದು ಹರಿಯುವುದು ತಿಳಿಯುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿಪಿ ನೋಡುವಂತಿಲ್ಲ. ದಿನಕ್ಕೆ ಎಷ್ಟು ಲೋಟ ನೀರು ಅಂತ ಲೆಕ್ಕ. ಸಾರಿಗೆ ಉಪ್ಪು ಕಡಿಮೆ, ಎಳನೀರು ಬೇಡ, ಬಾಳೆಹಣ್ಣು ಬೇಡ. ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಬಂದ ಮೇಲೆ ಖರ್ಚಿನ ಹೊರೆ ಇಳಿದಿದೆ, ನಿಜ. ಆದರೆ ವಾರದಲ್ಲಿ ಮೂರು ದಿನ ಆಸ್ಪತ್ರೆಗೆ ಹೋಗುವವರನ್ನು ಯಾರು ಕೂಲಿಗೆ ಕರೆಯುತ್ತಾರೆ?

ಇದನ್ನೆಲ್ಲ ದಿನಾ ನೋಡುವ ಮನೆಯವರು ನಾನೇ ಕೊಡುತ್ತೇನೆ ಎಂದು ಮುಂದೆ ಬರುತ್ತಾರೆ. ಬದುಕಿರುವವರ ಕಿಡ್ನಿ ಸಾಮಾನ್ಯವಾಗಿ ಜಾಸ್ತಿ ವರ್ಷ ಬಾಳುತ್ತದೆ. ಆಪರೇಷನ್ ಯಾವತ್ತು ಎಂದು ಮೊದಲೇ ಗೊತ್ತಿರುವುದರಿಂದ ರೋಗಿಯನ್ನು ಸಿದ್ಧಮಾಡಿಕೊಳ್ಳಲು ಸಮಯವೂ ಸಿಗುತ್ತದೆ. ಸ್ವಯಂಸೇವಕರು ಹೇಳುವ ಈ ಎರಡೂ ಮಾತು ಸರಿ.

ಕಾನೂನು ಎಳೆದ ಗೆರೆ

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಹುಟ್ಟಿದ್ದೇ ಮಾರಾಟ ತಡೆಯಲು. ಅದಕ್ಕೂ ಮುಂಚೆ ಬಡವರ ಕಿಡ್ನಿ ಹಣವಿದ್ದವರಿಗೆ ಬಹಿರಂಗವಾಗಿ ಹೋಗುತ್ತಿತ್ತು. ಚೆನ್ನೈನ ವಿಲ್ಲಿವಾಕ್ಕಂಗೆ ಜನ 'ಕಿಡ್ನಿವಾಕ್ಕಂ' ಎಂದು ಹೆಸರಿಟ್ಟಿದ್ದರು, ಅಷ್ಟು ಜನ ಅಲ್ಲಿ ಮಾರಿಕೊಂಡಿದ್ದರು. ಬೆಂಗಳೂರಲ್ಲೂ 1995ರಲ್ಲಿ ದೊಡ್ಡ ಜಾಲವೊಂದು ಬಯಲಾಗಿತ್ತು.

ಈಗಿನ ಕಾನೂನಿನಲ್ಲಿ ಹತ್ತಿರದ ಸಂಬಂಧಿ ಎಂದರೆ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಗ, ಮಗಳು, ಒಡಹುಟ್ಟಿದವರು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಇವರಿಗೆ ಆಸ್ಪತ್ರೆಯ ಹಂತದಲ್ಲೇ ಅನುಮತಿ ಸಿಗುತ್ತದೆ. ಸೋದರಮಾವ, ಚಿಕ್ಕಪ್ಪ, ಅತ್ತಿಗೆ, ಭಾವ, ಸ್ನೇಹಿತರು ಈ ಸಾಲಿಗೆ ಬರುವುದಿಲ್ಲ. ನಮ್ಮಲ್ಲಿ ಸೋದರಮಾವ ಅಂದರೆ ಅಪ್ಪನಷ್ಟೇ ಹತ್ತಿರ, ಅಲ್ವಾ? ಕಾನೂನಿನ ಕಣ್ಣಿಗೆ ಹಾಗಲ್ಲ. ಇಂಥವರು ಪ್ರೀತಿ, ಆತ್ಮೀಯತೆ ಅಥವಾ ವಿಶೇಷ ಕಾರಣವನ್ನು, ಇಂಥ ದಾನಗಳಿಗೆ ಅನುಮತಿ ಕೊಡುವ ಅಧಿಕಾರ ಸಮಿತಿಯ ಮುಂದೆ ತೋರಿಸಬೇಕು. 18 ವರ್ಷ ತುಂಬದವರು, ತೀರಾ ಅಪರೂಪದ ವಿಶೇಷ ಅನುಮತಿ ಬಿಟ್ಟರೆ, ಯಾರಿಗೂ ಕೊಡುವಂತಿಲ್ಲ.

ಸಮಿತಿಯ ಕೋಣೆಯಲ್ಲಿ ಏನಾಗುತ್ತದೆ? ಮೇಜಿನ ಮೇಲೆ ಆಧಾರ್, ರೇಷನ್ ಕಾರ್ಡ್, ಹಳೇ ಫೋಟೊಗಳು. ಇಬ್ಬರೂ ಒಟ್ಟಿಗಿರುವ ಮದುವೆ ಫೋಟೊ, ಗೃಹಪ್ರವೇಶದ ಫೋಟೊ ಇದ್ದರೆ ಅದೂ ಸಾಕ್ಷಿ. ಕೊಡುವವರು, ಪಡೆಯುವವರು ಇಬ್ಬರದೂ ಹಿಂದಿನ ಮೂರು ವರ್ಷದ ಆದಾಯದ ದಾಖಲೆ ಬೇಕು. ಒಬ್ಬರು ಕೂಲಿ, ಇನ್ನೊಬ್ಬರು ಕಾರ್ಖಾನೆ ಮಾಲೀಕರು ಎಂದರೆ ಪ್ರಶ್ನೆ ಬಿಗಿಯಾಗುತ್ತದೆ. ನಿಮಗಿಬ್ಬರಿಗೂ ಹೇಗೆ ಪರಿಚಯ, ಯಾಕೆ ಕೊಡುತ್ತಿದ್ದೀರಿ, ಮಧ್ಯೆ ಯಾರಾದರೂ ಇದ್ದಾರಾ, ನಿಮ್ಮ ಮನೆಯಲ್ಲಿ ಗೊತ್ತಾ ಎಂದು ಕೇಳುತ್ತಾರೆ. ಇದೆಲ್ಲ ವಿಡಿಯೊ ಆಗುತ್ತದೆ.

ಹಣ ಕೊಟ್ಟು ಅಂಗ ಪಡೆಯುವುದು, ಹಣಕ್ಕೆ ಕೊಡುವುದು, ಹಣಕ್ಕೆ ಕೊಡುವವರನ್ನು ಹುಡುಕುವುದು, ಅದಕ್ಕೆ ಜಾಹೀರಾತು ಹಾಕುವುದು ಎಲ್ಲಕ್ಕೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಸ್ವಯಂಸೇವಕರು ಇದನ್ನು ಚೆನ್ನಾಗಿ ಅರಿತಿರಬೇಕು. ಡಯಾಲಿಸಿಸ್ ಕೇಂದ್ರದಲ್ಲಿ ಕೂತು ಕಾನೂನು ವಿವರಿಸುವುದು ಜಾಗೃತಿ. ಈ ರೋಗಿಗೆ ಒ ಪಾಸಿಟಿವ್ ಕಿಡ್ನಿ ಬೇಕು, ಕೊಡುವವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಗ್ರೂಪಿನಲ್ಲಿ ಹಾಕಿದರೆ ಅಲ್ಲಿಗೆ ದಲ್ಲಾಳಿ ಬರಲು ತಡವಾಗುವುದಿಲ್ಲ. ಹಾಕಿದವರ ಮನಸ್ಸು ಒಳ್ಳೆಯದೇ ಇರಬಹುದು. ಆಮೇಲೆ ಆಗುವುದು ಅವರ ಕೈಯಲ್ಲಿರುವುದಿಲ್ಲ.

ಕೇರಳದ ಪಾದ್ರಿ ಮತ್ತು ಒಂದು ಸರಪಳಿ

ಅಪರಿಚಿತರಿಗೆ ಕೊಟ್ಟವರೇ ಇಲ್ಲವೆ? ಇದ್ದಾರೆ, ಪಕ್ಕದ ಕೇರಳದಲ್ಲೇ. 2009ರಲ್ಲಿ ತ್ರಿಶೂರು ಕಡೆಯ ಪಾದ್ರಿ ಡೇವಿಸ್ ಚಿರಮೆಲ್, ಬೇರೆ ಧರ್ಮದ ಒಬ್ಬ ರೋಗಿಗೆ ತಮ್ಮ ಕಿಡ್ನಿ ಕೊಟ್ಟರು. ಆಮೇಲೆ ಕಿಡ್ನಿ ಫೆಡರೇಷನ್ ಆಫ್ ಇಂಡಿಯಾ ಕಟ್ಟಿ ಊರೂರು ತಿರುಗಿದರು. 2011ರಲ್ಲಿ ವಿ-ಗಾರ್ಡ್ ಕಂಪನಿಯ ಸಂಸ್ಥಾಪಕ ಕೊಚೌಸೆಫ್ ಚಿಟ್ಟಿಲಪಿಳ್ಳಿ ಒಬ್ಬ ಲಾರಿ ಚಾಲಕರಿಗೆ ಕಿಡ್ನಿ ಕೊಟ್ಟರು. ಅಲ್ಲಿಗೆ ನಿಲ್ಲಲಿಲ್ಲ. ಪಡೆದವರ ಮನೆಯವರು ಇನ್ನೊಬ್ಬ ರೋಗಿಗೆ ಕೊಟ್ಟರು, ಹಾಗೆ ಒಂದು ಸರಪಳಿಯೇ ಬೆಳೆಯಿತು. 2016ರಲ್ಲಿ ಪಾಲಾ ಊರಿನ ಸಹಾಯಕ ಬಿಷಪ್ ಜೇಕಬ್ ಮುರಿಕ್ಕನ್ ಕೂಡ ಕೊಟ್ಟರು.

ಇವರನ್ನು ನೋಡಿ ಒಂದು ವಾದ ಹುಟ್ಟಿದೆ. ಬುದ್ಧಿ ಬಂದ, ಆರೋಗ್ಯವಾಗಿರುವ ವ್ಯಕ್ತಿ ಯಾರಿಗೆ ಬೇಕಾದರೂ ಕೊಡಲಿ, ಅದು ಅವರ ಹಕ್ಕು ಎಂಬ ವಾದ. ಬ್ರಿಟನ್‌ನಲ್ಲಿ 2006ರಿಂದ ಇದಕ್ಕೆ ಅವಕಾಶವಿದೆ. ಅಮೆರಿಕದಲ್ಲಿ ವರ್ಷಕ್ಕೆ ನೂರಾರು ಜನ ಮುಖವನ್ನೇ ನೋಡದವರಿಗೆ ಕೊಡುತ್ತಾರೆ. ಅಂಥವರಿಗೆ ಐದು ವರ್ಷದಲ್ಲಿ ಒಟ್ಟು 50,000 ಡಾಲರ್ ತೆರಿಗೆ ಲಾಭ ಕೊಡಬೇಕೆಂದು ಅಲ್ಲಿನ ಸಂಸತ್ತಿನಲ್ಲಿ ಮಸೂದೆಯೂ ಬಂದಿದೆ, ಅದರ ಬೆನ್ನಿಗಿರುವವರಲ್ಲಿ ಸ್ವತಃ ಕಿಡ್ನಿ ಕೊಟ್ಟವರು ಎಷ್ಟೋ ಮಂದಿ.

ಎದುರು ವಾದವೂ ಗಟ್ಟಿ. ಅಪರಿಚಿತರಿಗೆ ಬಾಗಿಲು ತೆರೆದರೆ ನಮ್ಮಲ್ಲಿ ಮೊದಲು ಒಳಗೆ ಬರುವವರು ದಲ್ಲಾಳಿಗಳು. ಅದೇ ಕೇರಳದಲ್ಲಿ 2024ರ ಮೇ ತಿಂಗಳಲ್ಲಿ, ಜನರನ್ನು ಇರಾನ್‌ಗೆ ಕರೆದೊಯ್ದು ಕಿಡ್ನಿ ಕೊಡಿಸುತ್ತಿದ್ದ ಆರೋಪದ ಮೇಲೆ ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಮೈಕ್ರೋಫೈನಾನ್ಸ್ ವಸೂಲಿಯವರು ಮನೆ ಬಾಗಿಲಲ್ಲಿ ನಿಂತಿರುವಾಗ ಹಾಕಿದ ಸಹಿಯನ್ನು ಸ್ವಂತ ಇಷ್ಟ ಅನ್ನುವುದು ಹೇಗೆ? ಸದ್ಯದ ಪರಿಸ್ಥಿತಿಯಲ್ಲಿ ಅಪರಿಚಿತರ ವಿಷಯದಲ್ಲಿ ಕಾನೂನಿನ ಬಿಗಿ ಇರಬೇಕು ಎಂದೇ ನನಗೆ ಅನ್ನಿಸುತ್ತದೆ. ಸ್ವಯಂಸೇವಕರ ಶ್ರಮ ಖರ್ಚಾಗಬೇಕಾದದ್ದು ಆ ಬಾಗಿಲು ತಳ್ಳುವುದಕ್ಕಲ್ಲ. ತೆರೆದೇ ಇರುವ ಬಾಗಿಲುಗಳನ್ನು ಜನ ಬಳಸುತ್ತಿಲ್ಲ.

ಅದಲುಬದಲು ಅಂದರೆ ಏನು?

ಅಂಥ ಒಂದು ಬಾಗಿಲು ಅದಲುಬದಲು. ಆಸ್ಪತ್ರೆಗಳಲ್ಲಿ ಇದನ್ನು ಸ್ವಾಪ್ ಅನ್ನುತ್ತಾರೆ. ಹಾಸನದ ಒಬ್ಬ ರೋಗಿಯ ಬ್ಲಡ್ ಗ್ರೂಪ್ ಎ, ಕೊಡಲು ಸಿದ್ಧವಿರುವ ಹೆಂಡತಿಯದು ಬಿ ಅಂದುಕೊಳ್ಳಿ. ಹುಬ್ಬಳ್ಳಿಯ ರೋಗಿಯದು ಬಿ, ಅವರ ಅಣ್ಣನದು ಎ. ಎರಡು ಮನೆಯಲ್ಲೂ ಕೊಡುವವರಿದ್ದಾರೆ, ಹೊಂದುತ್ತಿಲ್ಲ ಅಷ್ಟೆ. ಹಾಸನದ ಹೆಂಡತಿ ಹುಬ್ಬಳ್ಳಿಗೆ, ಹುಬ್ಬಳ್ಳಿಯ ಅಣ್ಣ ಹಾಸನಕ್ಕೆ ಕೊಟ್ಟರೆ ಇಬ್ಬರಿಗೂ ಕಿಡ್ನಿ ಸಿಗುತ್ತದೆ. ಒಂದು ಕಡೆಯವರು ಆಮೇಲೆ ಹಿಂದೆ ಸರಿಯಬಾರದು ಎಂದು ಆಪರೇಷನ್‌ಗಳನ್ನು ಸಾಮಾನ್ಯವಾಗಿ ಒಂದೇ ದಿನ ಇಟ್ಟುಕೊಳ್ಳುತ್ತಾರೆ.

2011ರ ತಿದ್ದುಪಡಿ ಇದನ್ನು ಒಪ್ಪುತ್ತದೆ. ತೊಡಕಿರುವುದು ಪಟ್ಟಿಯಲ್ಲಿ. ಒಂದೇ ಆಸ್ಪತ್ರೆಯೊಳಗೆ ಹುಡುಕಿದರೆ ಸರಿಹೊಂದುವ ಜೋಡಿ ಸಿಗುವುದು ಕಷ್ಟ. ಹತ್ತು ಆಸ್ಪತ್ರೆಗಳ ಪಟ್ಟಿ ಒಂದಾದರೆ ಸಾಧ್ಯತೆ ಹಲವು ಪಟ್ಟು ಏರುತ್ತದೆ, ಏಕೆಂದರೆ ಪ್ರತಿ ಹೊಸ ಜೋಡಿಯನ್ನೂ ಉಳಿದ ಎಲ್ಲ ಜೋಡಿಗಳ ಜೊತೆ ಹೊಂದಿಸಿ ನೋಡಬಹುದು. ನೋಟೊ ಪತ್ರದ ಉದ್ದೇಶ ಇದೇ. ಹೊಂದುವುದಿಲ್ಲ ಎಂಬ ಒಂದು ರಿಪೋರ್ಟ್ ನೋಡಿ ಕೈಬಿಟ್ಟ ಮನೆಗಳಿಗೆ ಈ ವಿಷಯ ಮುಟ್ಟಿಸಿದರೆ ಅದೇ ದೊಡ್ಡ ಜಾಗೃತಿ.

ಕೊಡುವವರು ಅಮ್ಮ, ಹೆಂಡತಿ

ಜಾಗೃತಿ ಭಾಷಣಗಳಲ್ಲಿ ತಾಯಿಯ ತ್ಯಾಗದ ಮಾತು ಜಾಸ್ತಿ. ಆ ಮಾತು ಕಡಿಮೆಯಾಗಬೇಕು. 2023ರಲ್ಲಿ ಬದುಕಿರುವಾಗ ಅಂಗ ಕೊಟ್ಟವರಲ್ಲಿ 9,784 ಮಹಿಳೆಯರು, 5,651 ಪುರುಷರು. ಪಡೆದವರಲ್ಲಿ ಮಹಿಳೆಯರು ನೂರಕ್ಕೆ ಸುಮಾರು 30. ಸತ್ತ ಮೇಲೆ ಕೊಟ್ಟವರ ಲೆಕ್ಕ ತಿರುವುಮುರುವು: 844 ಪುರುಷರು, 255 ಮಹಿಳೆಯರು.

ಇದಕ್ಕೆ ವೈದ್ಯಕೀಯ ಕಾರಣ ಸ್ವಲ್ಪ ಇದೆ. ಬಿಪಿ, ಶುಗರ್ ಇರುವ ಎಷ್ಟೋ ಗಂಡಸರು ಪರೀಕ್ಷೆಯಲ್ಲೇ ಬಿದ್ದುಹೋಗುತ್ತಾರೆ. ಹೆರಿಗೆಯಾದ ಹೆಂಗಸಿನ ರಕ್ತದಲ್ಲಿ ಗಂಡನ ಅಂಶಗಳ ವಿರುದ್ಧ ಪ್ರತಿಕಾಯಗಳು ಬೆಳೆದಿರಬಹುದು, ಆಗ ಗಂಡನ ಕಿಡ್ನಿ ಅವಳಿಗೆ ಒಗ್ಗುವುದಿಲ್ಲ. ಆದರೆ ಅಂತರವೆಲ್ಲ ಇದರಿಂದಲೇ ಬಂದದ್ದಲ್ಲ. ಅವನು ದುಡಿಯುವವನು, ಅವನಿಗೇನಾದರೂ ಆದರೆ ಮನೆ ಹೇಗೆ ನಡೆಯಬೇಕು ಎಂಬ ಮಾತು ಮನೆಯಲ್ಲಿ ಯಾರೂ ಜೋರಾಗಿ ಹೇಳಬೇಕಾಗಿಲ್ಲ. ಎಲ್ಲರಿಗೂ ಅರ್ಥವಾಗಿರುತ್ತದೆ. ಅವಳ ಬೇಡ ಎಂಬ ಮಾತಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಕಾನೂನಿಗೆ ಈ ಅನುಮಾನ ಇದೆ. ಕೊಡುವವರು ಮಹಿಳೆಯಾದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವರ ಸ್ವಂತ ಒಪ್ಪಿಗೆಯನ್ನು ರೋಗಿಯಲ್ಲದ ಬೇರೆಯವರು ಖಚಿತಪಡಿಸಬೇಕು ಎಂದು 2014ರ ನಿಯಮ ಹೇಳುತ್ತದೆ. ಕರ್ನಾಟಕ ಅಳವಡಿಸಿಕೊಳ್ಳಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ ನಿಯಮಗಳು ಇವೇ. ಇನ್ನೊಂದು ವಿಷಯ. ಮದುವೆಯಾದ ಮಗಳು ಅಪ್ಪನಿಗೆ ಕಿಡ್ನಿ ಕೊಡಲು ಗಂಡನ ಒಪ್ಪಿಗೆ ಕಡ್ಡಾಯವಲ್ಲ ಎಂದು 2022ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ.

ಕೊಡಲು ಇಷ್ಟವಿಲ್ಲದಿದ್ದರೆ? ಆಪರೇಷನ್‌ಗೆ ಮುಂಚೆ ಯಾವ ಕ್ಷಣದಲ್ಲೂ ಬೇಡ ಎನ್ನಬಹುದು. ಡಾಕ್ಟರ ಬಳಿ ಒಬ್ಬರೇ ಇರುವಾಗ ಹೇಳಿದರೆ, ಮನೆಯಲ್ಲಿ ಜಗಳವಾಗದಂತೆ ಹೊಂದುವುದಿಲ್ಲ ಎಂದಷ್ಟೇ ತಿಳಿಸುವ ರೂಢಿ ಹಲವು ಕಡೆ ಇದೆ. ಯಾವ ಪೋಸ್ಟರಿನಲ್ಲೂ ಇದನ್ನು ಬರೆದಿರುವುದಿಲ್ಲ. ಬರೆಯಬೇಕು. ಜೊತೆಗೆ ಡಯಾಲಿಸಿಸ್ ವಾರ್ಡಿನ ಹೊರಗೆ ಕೂತ ಅಣ್ಣ ತಮ್ಮಂದಿರನ್ನು, ಮಗ ಅಳಿಯಂದಿರನ್ನು ಕರೆದು ಕೂರಿಸಿ ಮಾತಾಡಬೇಕು. ಅಳಿಯ ಕಾನೂನಿನಲ್ಲಿ ಹತ್ತಿರದ ಸಂಬಂಧಿಯಲ್ಲ, ನಿಜ. ಆದರೂ ಅವರ ಮಾತು ಮನೆಯಲ್ಲಿ ನಡೆಯುತ್ತದೆ.

ಅಪಾಯವನ್ನು ಎಷ್ಟು ಹೇಳಬೇಕು?

ಪೂರ್ತಿ ಹೇಳಬೇಕು. ಏನೂ ಆಗಲ್ಲ ಎಂಬುದು ತಪ್ಪು ಮಾತು. ಒಂದು ಕಿಡ್ನಿ ಹೋದರೆ ಅರ್ಧ ಆಯಸ್ಸು ಹೋಯಿತು ಎಂಬುದೂ ತಪ್ಪೇ.

ಅಮೆರಿಕದಲ್ಲಿ 2010ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, ಕೊಟ್ಟ ಮೂರು ತಿಂಗಳೊಳಗೆ ಸಾವಿನ ಅಪಾಯ 10,000ಕ್ಕೆ ಸುಮಾರು 3. 2024ರ ಲೆಕ್ಕದಲ್ಲಿ ಅದು 10,000ಕ್ಕೆ ಒಂದಕ್ಕಿಂತ ಕಡಿಮೆಯಾಗಿದೆ. ಉಳಿದ ಕಿಡ್ನಿ ಸ್ವಲ್ಪ ಬೆಳೆದು, ಮೊದಲಿದ್ದ ಒಟ್ಟು ಸಾಮರ್ಥ್ಯದ ಶೇ 60ರಿಂದ 70ರಷ್ಟನ್ನು ಒಂದೇ ನಿಭಾಯಿಸುತ್ತದೆ. ಕೊಟ್ಟವರಿಗೆ ಮುಂದೆ ಕಿಡ್ನಿ ಪೂರ್ತಿ ವಿಫಲವಾಗುವ ಅಪಾಯ ಜೀವಮಾನದಲ್ಲಿ 10,000ಕ್ಕೆ ಸುಮಾರು 90 ಎಂದು 2014ರ ಇನ್ನೊಂದು ಅಮೆರಿಕನ್ ಅಧ್ಯಯನ ಅಂದಾಜು ಮಾಡಿತು. ಅಷ್ಟೇ ಆರೋಗ್ಯವಾಗಿದ್ದು ಕೊಡದೆ ಇರುವವರಲ್ಲಿ ಅದು 14. ಸಂಖ್ಯೆ ಚಿಕ್ಕದು, ಆದರೆ ವ್ಯತ್ಯಾಸ ನಿಜ. ಇನ್ನೂ ಮಕ್ಕಳಾಗಬೇಕಿರುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ಹೇಳಲೇಬೇಕು. 2015ರ ಕೆನಡಾ ಅಧ್ಯಯನದಲ್ಲಿ ಕಿಡ್ನಿ ಕೊಟ್ಟ ಮೇಲೆ ಬಸುರಾದವರಲ್ಲಿ ಶೇ 11ರಷ್ಟು ಜನರಿಗೆ ಬಸುರಿನ ಬಿಪಿ ತೊಂದರೆ ಬಂತು. ಕೊಡದವರಲ್ಲಿ ಶೇ 5.

ಆಪರೇಷನ್ ಆದ ಮೇಲೆ

ಕೊಟ್ಟವರು ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ. ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಎಲ್ಲರ ಗಮನ ಕಿಡ್ನಿ ಪಡೆದವರ ಮೇಲೆ. ಅವರಿಗೆ ಮಾಸ್ಕ್, ಬೇರೆ ಕೋಣೆ, ಹೊತ್ತುಹೊತ್ತಿಗೆ ಮಾತ್ರೆ. ಕೊಟ್ಟ ಹೆಂಡತಿ ಎರಡನೇ ವಾರಕ್ಕೇ ಒಲೆಯ ಮುಂದೆ ನಿಂತಿರುತ್ತಾಳೆ, ನೀರಿನ ಕೊಡ ಎತ್ತುತ್ತಿರುತ್ತಾಳೆ.

ಕೇಂದ್ರ ಸರ್ಕಾರಿ ನೌಕರರು ಅಂಗ ಕೊಟ್ಟರೆ 42 ದಿನದವರೆಗೆ ವಿಶೇಷ ರಜೆ ಇದೆ, 2023ರಿಂದ. ಗಾರ್ಮೆಂಟ್ಸ್ ಕೆಲಸದವರಿಗೆ, ತೋಟದ ಕೂಲಿಯವರಿಗೆ ಆ ಆರು ವಾರ ಸಂಬಳ ಸಿಗುವುದು ಕಷ್ಟ. ಆ ನಷ್ಟವನ್ನು ತುಂಬಿಕೊಟ್ಟರೆ ಅದು ಮಾರಾಟವಾಗುವುದಿಲ್ಲವೇ ಎಂದು ಹಲವರು ಹೆದರುತ್ತಾರೆ. ಆಗುವುದಿಲ್ಲ. 1994ರ ಕಾಯ್ದೆಯೇ ಹಣ ಪಾವತಿ ಎಂದರೇನು ಎಂದು ಹೇಳುವಾಗ, ಅಂಗ ಕೊಟ್ಟದ್ದರಿಂದ ನೇರವಾಗಿ ಆದ ಖರ್ಚನ್ನೂ ಕಳೆದುಹೋದ ದುಡಿಮೆಯನ್ನೂ ಅದರಿಂದ ಹೊರಗಿಟ್ಟಿದೆ. ಮೂವತ್ತು ವರ್ಷದಿಂದ ಈ ಸಾಲು ಕಾನೂನಿನಲ್ಲಿದೆ. ಸ್ವಯಂಸೇವಕರ ಭಾಷಣದಲ್ಲಿ ಇದು ಮೊದಲು ಬರಬೇಕು. ಹಣ ಇಲ್ಲ ಎಂಬ ಕಾರಣಕ್ಕೆ ಹಿಂದೆ ಸರಿಯುವ ತಮ್ಮನಿಗೂ, ದುಡಿಯದವಳು ಎಂಬ ಕಾರಣಕ್ಕೆ ಮುಂದೆ ತಳ್ಳಲ್ಪಡುವ ಅಕ್ಕನಿಗೂ ಇದರಿಂದ ವ್ಯತ್ಯಾಸವಾಗುತ್ತದೆ.

ಆಮೇಲೆ ಉಳಿಯುವುದು ಜೀವಮಾನದ ಪಾಲನೆ. ವರ್ಷಕ್ಕೊಮ್ಮೆ ಬಿಪಿ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸಬೇಕು. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಕೇಳಿದ ಮಾತ್ರೆ ತಂದು ನುಂಗಬಾರದು, ಅವುಗಳಲ್ಲಿ ಕೆಲವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಪರೀಕ್ಷೆಗಳು ದುಬಾರಿಯಲ್ಲ. ಆದರೆ ಏನೂ ತೊಂದರೆ ಇಲ್ಲದವರು ವರ್ಷ ವರ್ಷ ಆಸ್ಪತ್ರೆಗೆ ಹೋಗುವುದು ಕಡಿಮೆ, ಹೋಗುವಂತೆ ನೆನಪಿಸುವವರು ಇನ್ನೂ ಕಡಿಮೆ.

ಸುಪ್ರೀಂ ಕೋರ್ಟ್ ಕೇಳಿರುವ ಮಾರ್ಗಸೂಚಿ ಬಂದಾಗ ಅದರಲ್ಲಿ ಎರಡು ವಿಷಯ ಹುಡುಕಿ ನೋಡಿ. ಆರು ವಾರದ ಕೂಲಿಯನ್ನು ಯಾರು ಕೊಡುತ್ತಾರೆ? ವರ್ಷದ ಪರೀಕ್ಷೆಗೆ ಕೊಟ್ಟವರನ್ನು ಫೋನ್ ಮಾಡಿ ಕರೆಯುವ ಹೊಣೆ ಯಾವ ಆಸ್ಪತ್ರೆಯದು?